ಶಾಂತಪ್ಪ ನಂಬಿದ ಗಲ್ಲಿ

ವಿಕ್ರೋಳಿಯ ಗುಡ್ಡದ ಮೇಲೆ ಮೂವತ್ತೆರಡು ವರ್ಷ ಬಾಳಿದ, ಗಾರೆಕೆಲಸದ ಗೌಂಡಿ ಶಾಂತಪ್ಪನಿಗೆ ದೊಡ್ಡ ರಸ್ತೆಗಳ ಹೆಸರು ಗೊತ್ತಿರಲಿಲ್ಲ. ಇಂಡಿ ಕಡೆಯಿಂದ ಬಂದವನು. ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಂತು, ಕರೆದ ಕಡೆ ನಡೆದೇ ಹೋಗುತ್ತಿದ್ದ. ಆಗ ಘಾಟ್ಕೋಪರ್‌ವರೆಗೂ ಗಲ್ಲಿಗೆ ಗಲ್ಲಿ ಕೂಡಿಕೊಂಡಿತ್ತು. ಅರ್ಧ ಗಲ್ಲಿಗಳಿಗೆ ಫರ್ಸಿ ಕಲ್ಲು ಹಾಸಿದವನೇ ಅವನು. ಆಮೇಲೆ ಚಾಳುಗಳು ಹೋಗಿ ಟವರುಗಳೆದ್ದವು. ಒಂದೊಂದು ಸೊಸೈಟಿಯೂ ಒಂದೊಂದು ದಾರಿಯನ್ನು ನುಂಗಿ ನೀರು ಕುಡಿಯಿತು. ಈಚೆಗೆ ಮುಕಾದಮ ಕೂಲಿಯವರನ್ನು ಟೆಂಪೋದಲ್ಲಿ ತುಂಬಿಕೊಂಡು ದೂರದ ಸೈಟುಗಳಿಗೆ ಒಯ್ಯುತ್ತಿದ್ದುದರಿಂದ, ಶಾಂತಪ್ಪ ಆ ಗಲ್ಲಿಗಳಲ್ಲಿ ಕಾಲಿಟ್ಟು ಎರಡು ವರ್ಷವಾಗಿತ್ತು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಅವನ ಹೆಂಡತಿ ಮಹಾದೇವಿ ಎದೆ ಹಿಡಿದುಕೊಂಡು ಕುಸಿದಳು. ಮೈಯೆಲ್ಲ ಬೆವರು. ಮಗಳು ಶೀತಲ್ ಬಾಗಿಲಿಗೆ ಓಡಿದಳು.

"ಅಪ್ಪಾ, ರಿಕ್ಷಾ ಕರೀತೀನಿ, ಮೇನ್ ರೋಡ್ ಸೇ ಹೋಗೋಣ."

"ರಿಕ್ಷಾ ಬ್ಯಾಡವ್ವಾ. ಸಿಗ್ನಲ್‌ದಾಗ ಸಿಕ್ಕೊಂಡು ತಾಸು ಮಾಡ್ತಾನ. ಗಲ್ಲಿಯೊಳಗಿಂದ ದವಾಖಾನಿಗೆ ಹತ್ತ ಮಿನಿಟಿನ ಹಾದಿ. ನಾನ ಹೊರ್ತೀನಿ."

ಹೆಂಡತಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿದ. ಎರಡು ಗಲ್ಲಿ ಸಲೀಸಾಗಿ ದಾಟಿದ. ಮೂರನೆಯದರ ತುದಿಗೆ ಏಳಡಿ ಗೋಡೆ, ಮೇಲೆ ಗಾಜಿನ ಚೂರು. ಅದರಾಚೆ ಆಸ್ಪತ್ರೆಯ ಬೋರ್ಡು ಕಾಣುತ್ತಿತ್ತು. ಪಕ್ಕದ ಸೊಸೈಟಿಯ ಗೇಟಿಗೆ ಹೋದರೆ, ಹೊರಗಿನವರನ್ನು ಬಿಡುವುದಿಲ್ಲ, ಸುತ್ತಿ ಹೋಗಿ ಎಂದು ವಾಚ್‌ಮನ್ ಅಡ್ಡ ನಿಂತ.

"ಬಾಹರ್ ಕಾ ಆದ್ಮಿ ಅಲೌಡ್ ನಹೀ, ಕಾಕಾ. ಘೂಮ್‌ಕೇ ಜಾವ್."

ಶೀತಲ್ ಕೈಮುಗಿದಳು, ಕೂಗಾಡಿದಳು. ವಾಚ್‌ಮನ್ ಸೊಸೈಟಿಯ ಸೆಕ್ರೆಟರಿಗೆ ಫೋನು ಹಚ್ಚಿದ. ಆ ಮಹಾರಾಯ ಎತ್ತಲಿಲ್ಲ. ಬಂದ ದಾರಿಗೇ ಸುಂಕವಿಲ್ಲವೆಂದು ತಿರುಗಿ, ಮುಖ್ಯ ರಸ್ತೆಗೆ ಇಳಿದು ರಿಕ್ಷಾ ಹಿಡಿದರು. ಸಿಗ್ನಲ್ ದಾಟುವುದರೊಳಗೆ ಮಗಳ ಮಡಿಲಲ್ಲೇ ಮಹಾದೇವಿಯ ಉಸಿರು ನಿಂತಿತು.

"ಅರ್ಧ ತಾಸು ಮೊದಲು ತಂದಿದ್ದರೆ" ಎಂದರು ಡಾಕ್ಟರು. ಆ ಮಾತಿಗೆ ಬೆಂಕಿ ಬೀಳಲಿ. ಕೇಳಿದವನು ಅದನ್ನು ಹೊತ್ತುಕೊಂಡು ಎಷ್ಟು ವರ್ಷ ಬದುಕಬೇಕು? ಶೀತಲ್ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಹದಿನೈದನೇ ದಿನ ಶಾಂತಪ್ಪ ಮತ್ತೆ ನಾಕಾಕ್ಕೆ ಹೋದ. ಗುಡ್ಡದ ಬುಡದಲ್ಲಿ ಒಂದು ಗಲ್ಲಿಯ ಬಾಯಿ ಮುಚ್ಚುವ ಕೆಲಸ ಸಿಕ್ಕಿತು. ಅಂಥ ಗೋಡೆ ಅವನು ಎಷ್ಟೋ ಕಟ್ಟಿದ್ದ. ಯಾರ ದಾರಿಗೆ ಅಡ್ಡ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹೊಟ್ಟೆ ಕೇಳಬೇಕಲ್ಲ, ಒಪ್ಪಿಕೊಂಡ.

ನಾಲ್ಕು ಸಾಲು ಇಟ್ಟಿಗೆ ಏಳುವಷ್ಟರಲ್ಲಿ ಹೆಂಗಸೊಬ್ಬಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಕೂಸಿನ ಮೈ ಕಾದಿತ್ತು.

"ಅಣ್ಣಾರ, ದವಾಖಾನಿಗೆ ಹಿಂಗ ಹಾದಿ ಅದ ಏನ್ರೀ?"

ಶಾಂತಪ್ಪ ಕೂಸನ್ನು ಇಸಿದುಕೊಂಡು, ಅವಳಿಗೆ ಕೈ ಕೊಟ್ಟು ಗೋಡೆ ದಾಟಿಸಿದ. ಕೂಸನ್ನು ಮರಳಿ ಅವಳ ಕೈಗೆ ಕೊಟ್ಟ.

"ಬರೂವಾಗ ಸುತ್ತಾಕೊಂಡು ಬರ್ರಿ, ತಂಗಿ," ಎಂದ. "ಸಂಜಿಕ ಇದು ಮುಚ್ಚತದ."

ಆಮೇಲೆ ಐದನೆಯ ಸಾಲಿಗೆ ಸಿಮೆಂಟು ಹಾಕಿದ.