ಒಣಗುವವರೆಗೆ ಮುಟ್ಟಬೇಡ

ತಂಗಿಯ ಕೂದಲು ಒಣಗುವುದನ್ನು ನಾನು ಒಂದು ದಿನವೂ ಕೂತು ನೋಡಲಿಲ್ಲ. ನೋಡಿದ್ದರೆ ಅದರ ಗುಣ ಆಗಲೇ ತಿಳಿಯುತ್ತಿತ್ತು. ಮಿಂದು ಬಂದಾಗ ಅದು ಸೊಂಟದವರೆಗೆ ನೇರವಾಗಿ ಇಳಿದಿರುತ್ತಿತ್ತು. ಆರುತ್ತಾ ಬಂದ ಹಾಗೆ ತುದಿಯಿಂದ ಒಂದೊಂದೇ ಅಲೆ ಎದ್ದು, ಕೊನೆಗೆ ಬೆನ್ನಿನ ಮಧ್ಯಕ್ಕೆ ಬಂದು ನಿಲ್ಲುತ್ತಿತ್ತು. ಆಗ ನನಗೆ ಕಂಡದ್ದು ಸಿಕ್ಕು ಮಾತ್ರ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು, ಪಾಣೆಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಲು ಕೂತವಳು. ಅಮ್ಮ ಬೆಳಗ್ಗೆಯೇ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದುದರಿಂದ, ನನಗಿಂತ ಆರು ವರ್ಷ ಚಿಕ್ಕವಳ ತಲೆ ಬಾಚಿ ಶಾಲೆಗೆ ಕಳಿಸುವುದು ನನ್ನ ಕೆಲಸ. ಒಣ ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಬುಡದಿಂದ ಎಳೆಯುತ್ತಿದ್ದೆ. ಎಳೆದಷ್ಟೂ ಅದು ಉಬ್ಬುತ್ತಿತ್ತು. ಉಬ್ಬಿದ್ದನ್ನು ಎಣ್ಣೆ ಸುರಿದು ಅಮುಕುತ್ತಿದ್ದೆ. ನಿನ್ನ ತಲೆಯಲ್ಲಿ ಕಾಗೆ ಗೂಡು ಕಟ್ಟೀತು ಎಂದು ಗದರುತ್ತಿದ್ದೆ.

"ಕಟ್ಟಲಿ ಅಕ್ಕ, ಮೊಟ್ಟೆ ಇಟ್ಟರೆ ನಿನಗೂ ಒಂದು ಕೊಡ್ತೇನೆ" ಎನ್ನುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿಕೊಂಡೇ.

ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಬೆಳಗ್ಗೆ ಬಾಚಣಿಗೆಯ ಹಲ್ಲು ಮುರಿದು ಕೂದಲಲ್ಲೇ ಉಳಿಯಿತು. ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಡುವ ಹೊತ್ತು ಹತ್ತಿರವಾಗಿತ್ತು. ಪಕ್ಕದ ತಡ್ಪೆಯಲ್ಲಿ, ಆ ಬೀಡಿ ಕಟ್ಟುವ ಮೊರದಲ್ಲಿ, ಬೀಡಿ ಎಲೆ ಕತ್ತರಿಸುವ ಕತ್ತರಿ ಇತ್ತು. ಅವಳ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಕುತ್ತಿಗೆಯ ಹತ್ತಿರಕ್ಕೇ ಕತ್ತರಿ ಹಾಕಿದೆ. ಎಲೆಯ ಹಾಗೆ ಅದು ಬೇಗ ತುಂಡಾಗಲಿಲ್ಲ. ಐದಾರು ಸಲ ಕಚ್ಚಬೇಕಾಯಿತು. ಅವಳು ಅಲುಗಾಡದೆ ಕೂತಿದ್ದಳು.

ಸಂಜೆ ಅಮ್ಮ ಕೇಳಿದಾಗ, ಶಾಲೆಯಿಂದ ಹೇನು ತಂದಿದ್ದಾಳೆ, ಬೇರೆ ದಾರಿ ಇರಲಿಲ್ಲ ಎಂದೆ. ತಂಗಿ ನನ್ನ ಮುಖ ನೋಡಿದಳು. ಹೇನಿನ ಮಾತು ಜಗಲಿಯಿಂದ ಜಗಲಿಗೆ ದಾಟಿ ಶಾಲೆ ಮುಟ್ಟಿತು. ಆ ವರ್ಷ ಮುಗಿಯುವವರೆಗೆ ಬೆಂಚಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಅದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಈಗ ಮೂಡುಬಿದಿರೆಯ ಪೇಟೆಯಲ್ಲಿ ಅವಳದೇ ಒಂದು ಕೋಣೆಯ ಬ್ಯೂಟಿ ಪಾರ್ಲರ್ ಇದೆ. ಅಲೆಗೂದಲಿನ ಹುಡುಗಿಯರು ಮಿಜಾರಿನ ಹಾಸ್ಟೆಲುಗಳಿಂದ ಬಸ್ಸು ಹಿಡಿದು ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಬೀಡಿ ಕಟ್ಟುವುದು ಬಿಟ್ಟ ಮೇಲೆ ನಾನೂ ವಾರಕ್ಕೆರಡು ದಿನ ಹೋಗಿ ಬಟ್ಟೆ ಒಗೆದು, ದಾಸವಾಳದ ಎಲೆ ಕಿವುಚಿ ಲೋಳೆಯಾದ ಗೊಂಪು ತೆಗೆದುಕೊಡುತ್ತೇನೆ.

ಬಂದವರ ತಲೆಗೆ ಅವಳು ಕೂಡಲೇ ಕೈ ಹಾಕುವುದಿಲ್ಲ. ಮಿಂದದ್ದು ಯಾವಾಗ, ಬಾವಿ ನೀರೋ ಬೋರಿನದ್ದೋ ಎಂದು ಮೊದಲು ವಿಚಾರಿಸುತ್ತಾಳೆ. ಗೊಂಪು ಹಚ್ಚಿ, ಕೂದಲು ಜಾರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸುತ್ತಾಳೆ, ಅದೂ ತುದಿಯಿಂದ ಮೇಲಕ್ಕೆ. ತೊಳೆದ ಮೇಲೆ ಮೈ ಒರೆಸುವ ಹಳೆಯ ಹತ್ತಿ ಬೈರಾಸನ್ನು ಅಂಗೈಯಲ್ಲಿ ಹರವಿ, ಕೂದಲನ್ನು ಕೆಳಗಿನಿಂದ ಎತ್ತಿ ಮೆಲ್ಲ ಒತ್ತುತ್ತಾಳೆ. ಉಜ್ಜುವುದಿಲ್ಲ. ತೆಳು ಕೂದಲಿಗೆ ಗೊಂಪು ಕಡಿಮೆ ಸಾಕು, ಹೆಚ್ಚಾದರೆ ಅಲೆ ಭಾರಕ್ಕೆ ಬಿದ್ದುಹೋಗುತ್ತದೆ ಎಂದು ನನಗೂ ಕಲಿಸಿದ್ದಾಳೆ. ಕೊನೆಗೆ ಎಲ್ಲರಿಗೂ ಒಂದೇ ಮಾತು: "ಇನ್ನು ಒಣಗುವವರೆಗೆ ಮುಟ್ಟಬೇಡ." ಮುಟ್ಟಿದವರ ಕೈಗೆ ಬಾಚಣಿಗೆಯಿಂದ ಒಂದು ಸಣ್ಣ ಪೆಟ್ಟೂ ಬೀಳುತ್ತದೆ.

ಕಳೆದ ತಿಂಗಳು ಅಳದಂಗಡಿಯ ಒಬ್ಬ ತಾಯಿ ಮಗಳನ್ನು ಕರೆತಂದರು. ನಿಶ್ಚಿತಾರ್ಥಕ್ಕೆ ಕೂದಲು ನೇರ ಮಾಡಿಸಬೇಕಂತೆ. ಬೈಹುಲ್ಲಿನ ಹಾಗೆ ಉಂಟಲ್ಲ, ಗಂಡಿನ ಕಡೆಯವರು ಏನು ಹೇಳಿಯಾರು ಎಂಬುದು ಅವರ ಚಿಂತೆ.

"ಅವರು ನೋಡಿ ಒಪ್ಪಿದ್ದು ಇದೇ ತಲೆಯನ್ನಲ್ವಾ ಅಮ್ಮ?" ಎಂದಳು ತಂಗಿ. "ಇವತ್ತೊಂದು ದಿನ ನನಗೆ ಬಿಡಿ. ಬೇಡ ಅಂತ ಕಂಡರೆ ನಾಳೆ ಇಸ್ತ್ರಿ ಹಾಕುವ."

ಎರಡು ಗಂಟೆ ಕಳೆದ ಮೇಲೆ ಹುಡುಗಿಯ ಹೆಗಲ ಮೇಲಿದ್ದ ಅಲೆಗಳು, ಬೇಸಿಗೆಯಲ್ಲಿ ನೇತ್ರಾವತಿ ಬಿಟ್ಟುಹೋದ ಮರಳಿನ ಗೆರೆಗಳಂತಿದ್ದವು. ಹುಡುಗಿ ಕನ್ನಡಿ ಬಿಟ್ಟು ಏಳಲಿಲ್ಲ. ತಾಯಿ ಇಸ್ತ್ರಿಯ ಮಾತನ್ನೇ ಎತ್ತಲಿಲ್ಲ. ಇವಳು ನನ್ನ ತಂಗಿ ಎಂದು, ಯಾರೂ ಕೇಳದಿದ್ದರೂ, ನಾನು ಅವರಿಗೆ ಹೇಳಿದೆ.

ಇದೆಲ್ಲ ಎಲ್ಲಿ ಕಲಿತದ್ದು ಎಂದು ಆ ತಾಯಿ ತಂಗಿಯನ್ನು ಕೇಳಿದರು.

"ಸಣ್ಣದಿರುವಾಗ ನನ್ನ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿದ್ದರು. ಮತ್ತೆ ಬೆಳೆಯುವಾಗ ದಿನಾ ಕನ್ನಡಿ ನೋಡ್ತಿದ್ದೆ. ಹೇಗೆ ತಿರುಗ್ತದೆ, ಯಾವಾಗ ಸಿಟ್ಟು ಮಾಡ್ತದೆ ಅಂತ ಅದೇ ಕಲಿಸಿತು."

"ಕತ್ತರಿಸಿದ್ದು ಯಾಕೆ?"

ತಂಗಿ ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದಳು.

"ಹೇನು ಆಗಿತ್ತು" ಎಂದಳು.

ಇಷ್ಟು ವರ್ಷದ ಮೇಲೆ, ಗುರುತಿಲ್ಲದವರ ಮುಂದೆ, ತಲೆಗೂದಲನ್ನೇ ನಂಬಿ ಬದುಕುವವಳು ತನ್ನದೇ ಅಂಗಡಿಯಲ್ಲಿ ನಿಂತು ಆ ಹೇನಿನ ಹೆಸರನ್ನು ಮತ್ತೆ ಹೊತ್ತುಕೊಂಡಳು, ನನ್ನ ಮಾನ ಉಳಿಸುವುದಕ್ಕೆ. ನಾನು ಕೈಯಲ್ಲಿದ್ದ ಬೈರಾಸು ಕೆಳಗಿಟ್ಟೆ.

"ಹೇನು ಇರಲಿಲ್ಲ ಅಮ್ಮ" ಎಂದು ಆ ತಾಯಿಗೆ ಹೇಳಿದೆ. "ಒಂದೇ ಒಂದೂ ಇರಲಿಲ್ಲ. ಬಾಚಲು ಉದಾಸೀನವಾಗಿ ಕತ್ತರಿಸಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ."

ಮತ್ತೆ ಅವಳ ಕಡೆಗೆ ತಿರುಗಿದೆ.

"ಆ ವರ್ಷ ಪೂರ್ತಿ ನೀನು ಬೆಂಚಿನಲ್ಲಿ ಒಬ್ಬಳೇ ಕೂತದ್ದು ನನ್ನಿಂದ. ನನ್ನದು ತಪ್ಪಾಯ್ತು, ತಂಗೀ."