ಕಪ್ಪು ಕೋಟು, ರಾಗಿ ಹಿಟ್ಟು

ಕಪ್ಪು ಕೋಟಿನ ಮೇಲೆ ರಾಗಿ ಹಿಟ್ಟು ಕೂತರೆ ಎಷ್ಟು ಕೊಡವಿದರೂ ಹೋಗುವುದಿಲ್ಲ. ಕಾನೂನು ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಶಿವಮೊಗ್ಗದ ಕೋರ್ಟಿನ ವರಾಂಡದಲ್ಲಿ ನಮ್ಮ ಸೀನಿಯರ್ ನನ್ನ ತೋಳು ನೋಡಿ, "ಏನ್ರೀ ಇದು, ಪೌಡರನ್ನ ಕೋಟಿಗೇ ಹಾಕ್ಕೊಂಡಿದೀರಲ್ಲ?" ಎಂದು ಕೇಳಿದ ದಿನ ಗೊತ್ತಾಯಿತು.

ನಿಜ ಹೇಳಿದೆ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಅಪ್ಪ ನಡೆಸುತ್ತಿದ್ದ ಹಿಟ್ಟಿನ ಗಿರಣಿ, ಅವರು ತೀರಿಕೊಂಡ ಮೇಲೆ ನನಗೆ ಬಂದಿತ್ತು. ನೋಡಿಕೊಳ್ಳಲು ಅಪ್ಪನ ಕಾಲದ ಮುರುಗೇಶಣ್ಣ ಇದ್ದರು. ಆದರೂ ಕೋರ್ಟು ಮುಗಿದದ್ದೇ ಬಸ್ಸು ಹತ್ತಿ ಹೋಗಿ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಕಾಳು ಸುರಿಯುತ್ತಿದ್ದೆ. ಶಿವಮೊಗ್ಗದ ವಿದ್ಯಾನಗರದ ನನ್ನ ಬಾಡಿಗೆ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಗಿರಣಿಯಲ್ಲಾದರೆ ಮಿಷನ್ನಿನ ಗದ್ದಲ, ಅದನ್ನೂ ಮೀರಿಸುವ ಹೆಂಗಸರ ಮಾತು.

ಸೀನಿಯರ್ ನಗಲಿಲ್ಲ. "ತಂದೆಯಿಂದ ಬಂದಿದ್ರಲ್ಲಿ ಪಾಲು ಇಟ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಆದ್ರೆ ನೀವೇ ನಿಂತು ನಡೆಸೋ ಹಾಗಿಲ್ಲ. ಗಿರಣಿನೇ ಬೇಕಾದ್ರೆ ವಕೀಲಿ ಸನ್ನದು ಅಮಾನತಿನಲ್ಲಿಡಿ."

ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲ ಪೂರ್ಣಾವಧಿ ಸಂಬಳದ ನೌಕರಿಗೆ ಸೇರುವಂತಿಲ್ಲ, ಸ್ವತಃ ವ್ಯಾಪಾರ ಮಾಡುವಂತಿಲ್ಲ. ಹೆಚ್ಚೆಂದರೆ 'ಸ್ಲೀಪಿಂಗ್ ಪಾರ್ಟ್ನರ್', ಅಂದರೆ ಕೆಲಸಕ್ಕೆ ಕೈ ಹಾಕದ ಪಾಲುದಾರ ಆಗಬಹುದು. ಕಕ್ಷಿದಾರ ಹುಡುಕಿಕೊಂಡು ಬಂದಾಗ ವಕೀಲ ಅಂಗಡಿಯಲ್ಲಿರಬಾರದು, ಸರಿಯೇ. ನನ್ನನ್ನು ಹುಡುಕಿಕೊಂಡು ಬರುವವರು ಎಷ್ಟು ಜನ ಎಂಬುದು ಬೇರೆ ಮಾತು. ಒಂದು ವಾರ ಯೋಚಿಸಿದೆ. ನಾನು ಸನ್ನದು ಪಡೆದ ದಿನ ಅಪ್ಪ ಗಿರಣಿಗೆ ಬೀಗ ಹಾಕಿ ಬಂದಿದ್ದರು. ಹಬ್ಬಕ್ಕೂ ಬೀಗ ಹಾಕದ ಮನುಷ್ಯ. ಕೋಟು ಕಳಚಲು ಮನಸ್ಸು ಬರಲಿಲ್ಲ.

"ಇನ್ಮೇಲೆ ನಡೆಸೋದೆಲ್ಲ ನೀವೇ ಮುರುಗೇಶಣ್ಣ, ನಂದು ಬರೀ ಪಾಲು" ಎಂದೆ.

"ಹಂಗಾದ್ರೆ ನೀವು ಬರೋದೇ ಇಲ್ವಾ ಲಾಯರ್ ಸಾರ್?"

ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಸಂಜೆಗಳು ಎಷ್ಟು ಉದ್ದ ಎಂದು ಆಗ ತಿಳಿಯಿತು. ಕೊನೆಗೊಮ್ಮೆ ನಿಯಮವನ್ನು ಮತ್ತೆ ಓದಿದೆ. ವಕೀಲ ರಾಗಿ ಬೀಸಿಸಿಕೊಂಡು ಬರಬಾರದೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ!

ಶನಿವಾರ ಸಂಜೆ ಚೀಲ ಹಿಡಿದು ಸಾಲಿನಲ್ಲಿ ನಿಂತೆ. ಮುರುಗೇಶಣ್ಣ ಚೀಲದೊಳಗೆ ಇಣುಕಿ ನಕ್ಕರು. "ಇದು ಒಂದು ಕೇಜಿನೂ ಇಲ್ಲ ಸಾರ್. ಮಿಷನ್ನಿಗೇ ಅಂಟ್ಕೊಂಡು ಹೋಗುತ್ತೆ."

ಒಬ್ಬನಿಗೆ ಎಷ್ಟು ಬೇಕು ಎಂದು ಹೇಳಲು ನಾಚಿಕೆಯಾಯಿತು. ಹಿಂದೆ ನಿಂತಿದ್ದ ಗಿರಣಿಯ ಹಳೆಯ ಗಿರಾಕಿ, ವಯಸ್ಸಾದ ಗಂಗಮ್ಮ, "ನನ್ನ ರಾಗಿ ಜೊತೆ ಸುರಿ ಮಾರಾಯ" ಎಂದು ಡಬ್ಬಿ ಮುಂದಿಟ್ಟರು. ಮುರುಗೇಶಣ್ಣ ಎರಡನ್ನೂ ಒಟ್ಟಿಗೆ ಬೀಸಿದರು. ಆಮೇಲೆ ಗಂಗಮ್ಮ ಬೊಗಸೆ ಬೊಗಸೆಯಾಗಿ ನನ್ನ ಚೀಲ ತುಂಬಿಸತೊಡಗಿದರು.

"ಅಮ್ಮಾ, ನಂದು ಇಷ್ಟಿರಲಿಲ್ಲ."

"ಯಾರ ರಾಗಿ ಯಾವ್ದು ಅಂತ ನಿನ್ ಕೋರ್ಟಲ್ಲೂ ಹೇಳಕ್ಕಾಗಲ್ಲ. ಸುಮ್ನೆ ಹಿಡ್ಕೋ."

ಪಾಲು ಹೆಚ್ಚಾಯಿತೆಂದು ತಕರಾರು ತೆಗೆದವರನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ; ನಾನೂ ಚೀಲದ ಬಾಯಿ ಅಗಲಿಸಿ ಹಿಡಿದೆ.

ಆಗಷ್ಟೇ ಬೀಸಿದ ಹಿಟ್ಟು ಬೆಚ್ಚಗಿರುತ್ತದೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಶಿವಮೊಗ್ಗ ಹತ್ತಿರವಾಗಿ ಮಲವಗೊಪ್ಪ ದಾಟಿದರೂ ಅದಿನ್ನೂ ಆರಿರಲಿಲ್ಲ.