ಅನಂತರಾಮು ಹಾಡಲೊಲ್ಲದ ಸರೋಜಾ

ಅನಂತರಾಮು ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೆಳ್ಳಿ ಬಣ್ಣದ ಪ್ಯಾಂಟು ತೊಟ್ಟು ಒಂದು ತಪ್ಪು ಮಾಡಿದ. ಜಯನಗರದ ಮೂವರು ಗೆಳೆಯರ ಜೊತೆ ‘ಥಂಡರ್ ಫೋರ್’ ಎಂಬ ಡಿಸ್ಕೋ ತಂಡ ಕಟ್ಟಿ, ‘ಸ್ವಿಚ್ ಹಾಕು ಸರೋಜಾ’ ಎಂಬ ಹಾಡು ಹಾಡಿಬಿಟ್ಟ. ಅದು ಎಂಬತ್ತೊಂದನೆಯ ಇಸವಿ. ಕ್ಯಾಸೆಟ್ಟಿನಲ್ಲಿ ಎಂಟು ಹಾಡುಗಳಿದ್ದವು. ಉಳಿದ ಏಳನ್ನು ಹಾಡಿದವರೇ ಮರೆತರು. ಎರಡೇ ವರ್ಷಕ್ಕೆ ತಂಡ ಒಡೆಯಿತು. ಸರೋಜಾ ಮಾತ್ರ ಜಪ್ಪಯ್ಯ ಅಂದರೂ ಸಾಯಲಿಲ್ಲ.

ಸಾಯುವುದಾದರೂ ಹೇಗೆ? ತೊಂಬತ್ತರ ದಶಕದಲ್ಲಿ ಬನಶಂಕರಿಯಲ್ಲಿ ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಮತ್ತೆ ಬಂದ ತಕ್ಷಣ ಬೀದಿಯ ಮಕ್ಕಳೆಲ್ಲ ಆ ಹಾಡನ್ನು ಕಿರುಚುತ್ತಿದ್ದವು. ಮದುವೆಯ ಆರತಕ್ಷತೆಗೂ ಗಣೇಶನ ವಿಸರ್ಜನೆಗೂ ಹೆಡ್‌ಮಾಸ್ತರರ ಬೀಳ್ಕೊಡುಗೆಗೂ ಅದು ಹೊಂದುತ್ತಿತ್ತು, ಏಕೆಂದರೆ ಅದರಲ್ಲಿ ಅರ್ಥವೆಂಬುದು ಯಾರ ಕಾಲಿಗೂ ಅಡ್ಡ ಬರುತ್ತಿರಲಿಲ್ಲ. ಇದ್ದದ್ದು ಎರಡು ಸಾಲು, ಮೂರು ಚಪ್ಪಾಳೆ.

ಅನಂತರಾಮುವಿಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅವನೀಗ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕೀಪರ್. ಬಿಡುವಿನಲ್ಲಿ ಸುಗಮ ಸಂಗೀತದ ಗಾಯಕ. ಹೆಗಲಿಗೆ ಶಾಲು, ಹಣೆಗೆ ಗಂಧ, ದನಿಯಲ್ಲಿ ಸದಾ ಯಾರೋ ತೀರಿಕೊಂಡ ದುಃಖ. ಮನೆಯಲ್ಲಿ ಸರೋಜಾಳ ಹೆಸರೆತ್ತುವಂತಿರಲಿಲ್ಲ. ರೇಡಿಯೋದಲ್ಲಿ ಬಂದರೆ ಹೆಂಡತಿ ಸುಧಾಮಣಿ ಅಡುಗೆಮನೆಯಿಂದ ಓಡಿ ಬಂದು ಆರಿಸುತ್ತಿದ್ದಳು. ಅವಳಿಗೂ ತನ್ನಷ್ಟೇ ಅಸಹ್ಯ ಎಂದು ಅವನು ನಂಬಿದ್ದ. ಅವನಿಗೆ ಬೇಕಿದ್ದುದು ಇಷ್ಟೇ: ಸರೋಜಾಳ ಹಂಗಿಲ್ಲದೆ, ತಾನೇ ರಾಗ ಹಾಕಿದ ಭಾವಗೀತೆಗೆ ಒಂದು ಸಂಜೆ ಜನ ಮನಸಾರೆ ಚಪ್ಪಾಳೆ ತಟ್ಟಬೇಕು.

ತೊಂಬತ್ತೆಂಟರ ಗಣೇಶೋತ್ಸವದಲ್ಲಿ ಅಂಥ ಸಂಜೆ ಸಿಕ್ಕಿತು. ಜೆ.ಪಿ. ನಗರದ ಸಮಿತಿಯ ಅಧ್ಯಕ್ಷ ಗಂಗಯ್ಯ ಆರ್ಕೆಸ್ಟ್ರಾದ ನಡುವೆ ಅವನಿಗೆ ಅರ್ಧ ಗಂಟೆ ಕೊಟ್ಟರು.

“ಕೊನೇಲಿ ಸರೋಜಾ ಒಂದು ಹಾಡ್ಬಿಡಿ ಸಾರ್,” ಎಂದರು.

“ಅದನ್ನ ಬಿಟ್ಟು ಹದಿನೈದು ವರ್ಷ ಆಯ್ತು ಗಂಗಯ್ಯನೋರೆ. ಒಳ್ಳೇದು ಕೊಟ್ರೆ ಜನ ಒಳ್ಳೇದನ್ನೇ ಕೇಳ್ತಾರೆ.”

“ಚೀಟಿ ಬಂದ್ರೆ?”

“ಬರ್ಲಿ. ಎಲ್ಲಾ ಚೀಟಿನೂ ಮೈಕಲ್ಲೇ ಓದಿಸಿ.”

ಬೇಕಾದ ಹಾಡಿನ ಜೊತೆ ತಮ್ಮ ಹೆಸರು, ಬಡಾವಣೆ ಬರೆದು ವೇದಿಕೆಗೆ ಚೀಟಿ ಕಳಿಸುವುದು ಆರ್ಕೆಸ್ಟ್ರಾದ ಪದ್ಧತಿ. ಆ ಪದ್ಧತಿಯ ಮೇಲೆ ಇಷ್ಟು ಭರವಸೆ ಇಟ್ಟ ಗಾಯಕ ಬಹುಶಃ ಅನಂತರಾಮು ಒಬ್ಬನೇ.

ಮೊದಲ ಭಾವಗೀತೆಗೆ ಜನ ಸುಮ್ಮನೆ ಕುಳಿತರು. ಅವನು ಅದನ್ನು ತನ್ಮಯತೆ ಎಂದುಕೊಂಡ. ಎರಡನೆಯದಕ್ಕೆ ಹಿಂದಿನ ಸಾಲುಗಳು ಪ್ರಸಾದದ ಪುಳಿಯೋಗರೆಯ ಕಡೆ ಜರುಗಿದವು. ಮೂರನೆಯದು ಮುಗಿದಾಗ ಜೋರು ಚಪ್ಪಾಳೆ ಬಿತ್ತು, ಮುಗಿಯಿತಲ್ಲ ಎಂದು. ನಿರೂಪಕ ವೇಣು ಚೀಟಿಗಳ ಕಂತೆ ಹಿಡಿದು ಮೈಕಿಗೆ ಬಂದ.

“ಸ್ವಿಚ್ ಹಾಕು ಸರೋಜಾ, ಕೇಳಿರೋರು ಪಾರ್ವತಮ್ಮ, ಕೋಣನಕುಂಟೆ. ಸ್ವಿಚ್ ಹಾಕು ಸರೋಜಾ, ಚನ್ನವೀರ ಮತ್ತು ಗೆಳೆಯರು, ಬಿಟಿಎಂ.”

ಹೀಗೆ ಹದಿನೇಳು ಚೀಟಿ. ಅನಂತರಾಮು ಶಾಲು ಸರಿಪಡಿಸಿಕೊಳ್ಳುತ್ತ, ಈ ಪಾಮರರನ್ನು ಕ್ಷಮಿಸಿದ್ದೇನೆ ಎಂಬಂತೆ ನಗುತ್ತ ನಿಂತಿದ್ದ. ವೇಣು ಹದಿನೆಂಟನೆಯದನ್ನು ಬಿಡಿಸಿದ.

“ಸ್ವಿಚ್ ಹಾಕು ಸರೋಜಾ. ಸುಧಾಮಣಿ ಅನಂತರಾಮು, ಬನಶಂಕರಿ ಎರಡನೇ ಹಂತ.” ಒಂದು ಕ್ಷಣ ತಡೆದು, ಉಳಿದದ್ದನ್ನೂ ಓದಿಯೇಬಿಟ್ಟ. “ನಮ್ಮ ಯಜಮಾನರು ಹಾಡಲ್ಲ ಅಂದ್ರೆ ಬೇರೆ ಯಾರು ಹಾಡಿದ್ರೂ ಪರವಾಗಿಲ್ಲ.”

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಅನಂತರಾಮು ಕೆಳಗಿಳಿದ. ಆರ್ಕೆಸ್ಟ್ರಾದ ಮುತ್ತುರಾಜ ಮೈಕು ಹಿಡಿದದ್ದೇ ತಡ, ಜನ ಪುಳಿಯೋಗರೆ ಕೈಯಲ್ಲೇ ಓಡಿ ಬಂದರು. ಮೊದಲ ಸಾಲಿನಲ್ಲಿ ಸುಧಾಮಣಿ ಎದ್ದು ನಿಂತು, ತಲೆಯ ಮೇಲೆ ಕೈಯೆತ್ತಿ ಆ ಮೂರು ಚಪ್ಪಾಳೆ ತಟ್ಟುತ್ತಿದ್ದಳು. ಅವಳು ಅಷ್ಟು ಖುಷಿಯಾಗಿದ್ದನ್ನು ಅವನು ಎಂದೂ ನೋಡಿರಲಿಲ್ಲ. ಅವನಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಮುತ್ತುರಾಜನ ಮೇಲೆ ಹೊಟ್ಟೆಕಿಚ್ಚಾಯಿತು.

ಆಟೋದಲ್ಲಿ ಮನೆ ಹತ್ತಿರವಾದಾಗ ಅವನು ಅವಳ ಕಡೆ ತಿರುಗಿದ.

“ಆ ಹಾಡು ಇಷ್ಟ ಅಂತ ಒಂದಿನನಾದ್ರೂ ಹೇಳಿದ್ಯಾ?”

“ನೀವು ಕೇಳಿದ್ರಾ?” ಎಂದಳು ಸುಧಾಮಣಿ. “ಸಂಬಂಧ ಬಂದಾಗ, ಹುಡುಗ ಆ ಸರೋಜಾ ಹಾಡಿದೋನು ಅಂದ್ರು. ಹಿಂದೆಮುಂದೆ ನೋಡ್ದೆ ಒಪ್ಕೊಂಡೆ. ಈ ಭಾವಗೀತೆ ವಿಷ್ಯ ಯಾರೂ ಹೇಳಿರ್ಲಿಲ್ಲ ಕಣ್ರೀ.”